ಹುಟ್ಟಿದ ಸ್ಥಳ: ಇತರೆ

ಏಳೂಕಾಲಿನ ಬಸ್ಸೇ ಹಿಡಿ, ಬಾಲಮ್ಮ. ಎಂಟೂವರೆಯದು
ಪರಶುರಾಂಪುರದ ಕ್ರಾಸಿಗೇ ತುಂಬಿಹೋಗುತ್ತದೆ,
ನಿಂತವರ ಕಂಕುಳ ಸಂದಿಯಲ್ಲಿ ನಿನ್ನ ಅರ್ಜಿ ಮುದುಡೀತು.
ಆಧಾರು, ರೇಷನ್ ಕಾರ್ಡು, ಟಿ.ಸಿ., ಅವ್ವ.
ನಾಲ್ಕರಲ್ಲಿ ಯಾವುದು ಮರೆತರೂ
ಚಳ್ಳಕೆರೆ ನಿನ್ನನ್ನು ಬಂದ ದಾರಿಗೇ ಹಚ್ಚುತ್ತದೆ.

ಟಿ.ಸಿ.ಯಲ್ಲಿ ಜೂನ್ ಒಂದು ಅಂತಿರುತ್ತದೆ.
ನನ್ನದೂ ಅದೇ. ಎತ್ತಯ್ಯನದೂ ಅದೇ, ಅವನ ತಂಗಿಯದೂ.
ನಮ್ಮ ಹಟ್ಟಿಯ ಇಪ್ಪತ್ತೇಳು ಮಕ್ಕಳನ್ನು
ಹೆಡ್‌ಮಾಸ್ತರು ಒಂದೇ ದಿನ ಹೆತ್ತಿದ್ದಾರೆ,
ಸೀಮೆಸುಣ್ಣದ ಕೈಯಲ್ಲಿ, ಬೇನೆಯಿಲ್ಲದೆ.
ನಗಬೇಡ. ಗುಮಾಸ್ತರ ಮುಂದೆ ಅದನ್ನೇ ಹೇಳು.
ಆಶಾ ಕೆಲಸಕ್ಕೆ ಕೇಳಿರುವುದೂ ಅದನ್ನೇ.

ಅವ್ವಂದಿರ ಲೆಕ್ಕ ಬೇರೆ.
ಚಿತ್ತೆ ಮಳೆ ಕೈಕೊಟ್ಟ ವರ್ಷ,
ಶೇಂಗಾ ಕಿತ್ತು ಬಳ್ಳಿ ಒಣಹಾಕಿದ್ದರು,
ಕರಿಕುರಿ ಜೋಡಿಮರಿ ಈದ ಮಾರನೇ ದಿನ,
ಬೆಳ್ಳಿಚುಕ್ಕಿ ಇನ್ನೂ ಇತ್ತು.
ಇಷ್ಟು ಗಟ್ಟಿ ನೆನಪನ್ನು ತೂರಿಸಲು
ಅವರ ಕಂಪ್ಯೂಟರಿನಲ್ಲಿ ಒಂದು ಕಿಂಡಿಯೂ ಇಲ್ಲ.

ಮೊದಲು ಗ್ರಾಮ ಲೆಕ್ಕಿಗರ ಹತ್ತಿರ
ಹಳೇ ರಿಜಿಸ್ಟರು ತೆಗೆಸು.
ಕೆಂಪು ಬಟ್ಟೆಯ ಗಂಟು, ಗೆದ್ದಲು ತಿಂದ ಅಂಚು.
ಅದರಲ್ಲಿ ನೀನು ಇರುವುದಿಲ್ಲ.
ಇಲ್ಲ ಅನ್ನುವುದನ್ನೇ ಬರೆಸಿ, ಸೀಲು ಹೊಡೆಸಿಕೊಂಡು ಬಾ.
ಇಲ್ಲ ಎನ್ನುವ ಪತ್ರವಿಲ್ಲದೆ
ಇದ್ದಾಳೆ ಎನ್ನುವ ಪತ್ರ ಹುಟ್ಟುವುದಿಲ್ಲ.
ಆಮೇಲೆ ವಕೀಲರು, ಛಾಪಾ ಕಾಗದ, ಕೋರ್ಟಿನ ಕಟ್ಟೆ,
ಪೇಪರಿನಲ್ಲಿ ಬೆರಳಗಲ ಜಾಹೀರಾತು:
ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ತಿಳಿಸತಕ್ಕದ್ದು.
ನಾನು ಹುಟ್ಟಿದ್ದಕ್ಕೆ ಯಾರೂ ಆಕ್ಷೇಪಿಸಲಿಲ್ಲ.
ಅಜ್ಜಿ ಬದುಕಿದ್ದರೆ ಒಂದು ಅರ್ಜಿ ಹಾಕುತ್ತಿದ್ದಳೇನೋ,
ನಾನು ಮೂರನೇ ಹೆಣ್ಣು.

ಕೊನೆಯ ದಿನ ಕೌಂಟರಿನಲ್ಲಿ ಒಂದು ಸಾಲು ಉಳಿದಿತ್ತು.
ಹುಟ್ಟಿದ ಸ್ಥಳ: ಆಸ್ಪತ್ರೆ, ಮನೆ, ಇತರೆ.
ಗುಮಾಸ್ತ ತಲೆ ಎತ್ತದೆ 'ಮನೆ' ಅಂದ,
ಬೆರಳು ಆಗಲೇ ಗುಂಡಿಯ ಮೇಲಿತ್ತು.
'ಮನೇಲಲ್ಲಪ್ಪಾ' ಅಂದಳು ನನ್ನವ್ವ,
ಅಲ್ಲಿಯವರೆಗೂ ಹೆಬ್ಬೆಟ್ಟಷ್ಟೇ ಒತ್ತಿದ್ದವಳು.
'ಬೇಲಿಯಾಚೆ. ಹೊಂಗೆ ಮರದ ಬುಡಕ್ಕೆ ಒಂದು ಗುಡ್ಲು,
ಈಚಲ ಗರೀದು, ನನ್ನ ಸೊಂಟದಷ್ಟು ಎತ್ತರ.
ಮುದ್ದೆ ತಂದು ಕಲ್ಲ ಮೇಲಿಟ್ಟು ದೂರ ಸರೀತಿದ್ರು.
ಗಾಳಿ ಬಿಟ್ಟಾಗ ಸೀರೆ ಅಡ್ಡ ಹಿಡಕಂಡು
ನಾನೇ ಗೋಡೆ ಆಗ್ತಿದ್ದೆ.
ಈಕೆ ಮನೆ ಅಂತ ಕಂಡಿದ್ದು ಎರಡು ತಿಂಗಳ ಮ್ಯಾಲೆ.
ಮನೆ ಅಂತ ಬರೀಬ್ಯಾಡ, ಸುಳ್ಳಾಗ್ತೈತೆ.'

ಹಿಂದಿನ ಸಾಲಿನಲ್ಲಿ ಯಾರೋ 'ಬೇಗ' ಅಂದರು.
ನಾನು ಗೋಡೆಯ ಕ್ಯಾಲೆಂಡರು ನೋಡುತ್ತಾ ನಿಂತೆ.
ಬಿ.ಎ. ಓದಿದವಳಿಗೆ ನಾಚಿಕೆಯಾಯಿತು, ಬಾಲಮ್ಮ,
ಸುಳ್ಳು ಹೇಳಲಾರೆ. ಅವ್ವನ ಸೆರಗು ಜಗ್ಗಿದೆ.
ಅವಳು ಜಗ್ಗಿಸಿಕೊಳ್ಳಲಿಲ್ಲ.
'ಆ ಗುಡಿಸಲಿಗೆ ಡೋರ್ ನಂಬರು?'
ದನಿ ಇಳಿದಿತ್ತು ಅವನದು.
'ಎಲ್ಲೀದು. ಹೆರಿಗೆಗೊಂದು ಹೊಸಾದು,
ಮುಗಿದ ಮ್ಯಾಲೆ ಕಿತ್ತು ಎಸೀತಾರೆ.'
ಸ್ವಲ್ಪ ಹೊತ್ತು ಸುಮ್ಮನಿದ್ದ. ಮೂರನೆಯದನ್ನು ಒತ್ತಿದ.

ಬರುವಾಗ ಬಸ್ಸಿನಲ್ಲಿ ಕಾಗದ ಬಿಚ್ಚಿ ಓದಿಸಿಕೊಂಡಳು,
ತನ್ನ ಹೆಸರು ಎರಡು ಸಲ.
'ಇತರೆ ಅಂದ್ರೇನು?'
'ಬೇರೆ' ಅಂದೆ.
'ಹೂಂ, ಬೇರೇನೇ ಇಟ್ಟಿದ್ರು' ಅಂದಳು,
ಸೆರಗಿನಿಂದ ಬೆರಳಿನ ಮಸಿ ಒರೆಸುತ್ತಾ.

ಮೂರು ಪ್ರತಿ ತೆಗೆಸು. ಲ್ಯಾಮಿನೇಷನ್ ಮಾಡಿಸಬೇಡ.
ಹಿಂದಿನ ಬಸ್ಸು ನಾಲ್ಕೂ ಹತ್ತಕ್ಕೆ,
ಅವ್ವನನ್ನು ಕಿಟಕಿ ಕಡೆ ಕೂರಿಸು.
ಹೊಂಗೆ ಮರ ಬಂದಾಗ ಅವಳೇ ತೋರಿಸುತ್ತಾಳೆ,
ನೀನು ಕೇಳಬೇಡ.